ನಲವತ್ತು ನಿಮಿಷ

ಫೆಬ್ರವರಿ 5

ಸ್ಕೂಟಿ ಮತ್ತೆ ಕೈ ಕೊಟ್ಟಿತು. ಕವಲಂದೆವರೆಗೂ ಬಸ್. ಅಲ್ಲಿಂದ ನಡೆದು ಮೇಘನಾ ಮನೆಗೆ. ಬಾಣಂತಿ ವಿಸಿಟ್. ಮಗು ಹುಟ್ಟಿ ಒಂಬತ್ತು ದಿನ, ತೂಕ 1.8 ಕೆಜಿ... ಇಳಿದಿದೆ.

ಮೇಘನಾ ಗಂಡನ ಅಜ್ಜಿ ಮುದ್ದಮ್ಮ ತೊಟ್ಟಿಲನ್ನೇ ನೋಡ್ತಾ ಕೂತಿದ್ರು.

"ನಂಗೆ ಎಂಟು ಉಟ್ಟಿದ್ದೋ ನರ್ಸಮ್ಮ. ಆರು ಮಣ್ಣಾದೋ."

"ಅದು ಆ ಕಾಲ ಅಜ್ಜಿ. ಈಗ ಹಾಗಿಲ್ಲ."

"ಆರೂ ಬಂದವೆ. ತೊಟ್ಲು ಸುತ್ತ ಕೂತವೆ ನೋಡು. ಕರ್ಕೊಂಡೋಗಕ್ಕೆ."

ಮೇಘನಾ ನಕ್ಕಳು. ನಾನೂ. ಮಗು ಪಾದ ಮುಟ್ಟಿದೆ — ಮಂಜುಗಡ್ಡೆ. ಹಾಲೂ ಚೀಪ್ತಿಲ್ಲ.

ತಾಯಿ ಎದೆಗೆ ಮಗು ಒತ್ತಿ, ಸೀರೆ ಸುತ್ತಿ, ಆಂಬುಲೆನ್ಸ್ ಹತ್ತಿಸಿದೆ. ನಂಜನಗೂಡಿಂದ ಮೈಸೂರಿಗೆ ಕಳಿಸಿದ್ರು. ತಾಂಡವಪುರ ದಾಟುವಾಗ ಅತ್ತಿತು. ಆಗ ನನಗೆ ಉಸಿರು ಬಂತು.

ಫೆಬ್ರವರಿ 19

ಮಗು ಮನೇಲಿದೆ. 2.1! ಚೆನ್ನಾಗಿ ಚೀಪ್ತಿದೆ.

"ನಿಮ್ಮ ಆರೂ ಹೋದ್ವಾ ಅಜ್ಜಿ?" ತಮಾಷೆಗೆ ಕೇಳಿದೆ.

"ಓದೋ. ಒಂದು ಉಳ್ಕೊಂಡದೆ. ಅದು ನಮ್ದಲ್ಲ ಕಣವ್ವ. ನಿನ್ ಇಂದಿಂದೇ ಬಂದದ್ದು. ಎಣ್ಣು ಕೂಸು. ಎಡಗೆನ್ನೇಲಿ ಮಚ್ಚೆ."

ತಕ್ಕಡಿ ಅಲ್ಲೇ ಮರೆತು ಬಂದೆ.

ಫೆಬ್ರವರಿ 20

ಇಲ್ಲಾದ್ರೂ ಬರೀಬೇಕು. ಹೋದ ಶ್ರಾವಣ. ಸುನೀತಾ ಹೆರಿಗೆ, ಮನೇಲೇ ಆಗೋಯ್ತು. ಹೆಣ್ಣು. ಎಡಗೆನ್ನೇಲಿ ಮಚ್ಚೆ. ನನ್ನ ಮಡಿಲಲ್ಲಿ ನಲವತ್ತು ನಿಮಿಷ ಉಸಿರಾಡಿತು. ಸುನೀತಾಗೆ ಪ್ರಜ್ಞೆ ಇರಲಿಲ್ಲ, ಒಳಗೆ ಬೇರೆ ಯಾರೂ ಇರಲಿಲ್ಲ. ಹುಟ್ಟುವಾಗಲೇ ಸತ್ತಿತ್ತು ಅಂದೆ. ರಿಜಿಸ್ಟರಲ್ಲೂ ಹಾಗೇ ಬರೆದೆ. ಹಾಗೆ ಬರೆದ್ರೆ ಶಿಶು ಮರಣದ ಲೆಕ್ಕಕ್ಕೆ ಸೇರಲ್ಲ. ನನ್ನ ಲೆಕ್ಕದಲ್ಲಿ ವರ್ಷವಿಡೀ ಸೊನ್ನೆ. ಮೀಟಿಂಗಲ್ಲಿ ಶಾಲು ಹೊದಿಸಿದ್ರು.

ಸುನೀತಾ ಊರೇ ಬೇರೆ. ಮುದ್ದಮ್ಮಂಗೆ ಹೇಗೆ ಗೊತ್ತು?

ಫೆಬ್ರವರಿ 24

ಹೋದೆ. ಸುನೀತಾ ಹಾಲು ಕರೀತಿದ್ಲು. ಎಲ್ಲಾ ಹೇಳಿದೆ. ಹೊಡೀತಾಳೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿತ್ತು.

"ಅತ್ತಿತಾ?" ಅಂದ್ಲು.

"ಒಂದೇ ಸಲ."

"ಅಂಗಾರೆ ಮಂಪರಲ್ಲಿ ನಂಗೆ ಕೇಳಿಸಿದ್ದು ದಿಟ. ಎಲ್ರೂ ಭ್ರಮೆ ಅಂದ್ರಲ್ಲ..."

ಬಕೆಟ್ ಉರುಳಿ ಹಾಲೆಲ್ಲ ಸಗಣಿಗೆ ಹರೀತು. ಇಬ್ಬರೂ ಎತ್ತಲಿಲ್ಲ.

ಫೆಬ್ರವರಿ 25, ಬೆಳಿಗ್ಗೆ 11

ಸಬ್‌ಸೆಂಟರ್. ಡಾಕ್ಟರ್‌ಗೆ ಪತ್ರ ಬರೆದೆ. ಸಸ್ಪೆಂಡ್ ಆಗಬಹುದು. ಆಗಲಿ. ಜೀವಂತ ಹುಟ್ಟಿತ್ತು, ನಲವತ್ತು ನಿಮಿಷ ಬದುಕಿತ್ತು — ಅಷ್ಟೇ ಬರೆದಿದೀನಿ. ಮಗು ಹೆಸರೊಂದು ಬಾಕಿ. ನಿನ್ನೆ ಸುನೀತಾನೇ ಇಟ್ಟಳು.

ಬೆನ್ನ ಹಿಂದೆ ಪುಟ್ಟ ಉಸಿರು. ರೂಮಲ್ಲಿ ನಾನೊಬ್ಬಳೇ. ತಿರುಗಲ್ಲ. ಮೊದಲು ಹೆಸರು ಬರೆದು ಆಮೇಲೆ ತಿರುಗ್ತೀನಿ.