ಹೆಡ್‌ಮೇಷ್ಟ್ರ ಇಂಜಿನ್ನು

ಮನೆಯಿಂದ,
ನವೆಂಬರ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯ,

ಹೇಗಿದ್ದೀಯ? ಬಿಸಿ ಪೈಪು ತಗುಲಿ ಸುಟ್ಟಿದ್ದ ಮುಂಗೈ ಮಾಯಿತೇ? ಇಲ್ಲ, ‘ಏನಾಗಲ್ಲ ಬಿಡು’ ಅಂತ ಅದೇ ಕೈಯಲ್ಲಿ ಸ್ಪ್ಯಾನರ್ ಹಿಡಿದು ಓಡಾಡುತ್ತಿದ್ದೀಯೋ? ಹಡಗಿನ ಇಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬಾರದು ಅಂತ ಬರೆಯಲು ಅಮ್ಮ ಹೇಳಿದ್ದಾಳೆ. ಸುತ್ತ ನೀರೇ ಇರುವವನಿಗೆ ನೀರಿನ ಉಪದೇಶವೇ ಅಂದೆ. ಅವಳು ನಗಲಿಲ್ಲ. ‘ಉಪ್ಪುನೀರು ಕುಡಿಯೋಕಾಗುತ್ತಾ?’ ಅಂದಳು. ಫೋನಿನಲ್ಲಿ ನಿನ್ನ ದನಿ ತುಂಡುತುಂಡಾಗಿ ಬರುತ್ತದೆ. ‘ಚೆನ್ನಾಗಿದ್ದೀವಿ’ ಅನ್ನುವಷ್ಟರಲ್ಲಿ ಕಟ್ಟಾಗುತ್ತದೆ. ಅದಕ್ಕೇ ಈ ಕಾಗದ. ಕಂಪನಿಯ ಆಫೀಸಿಗೆ ಕೊಟ್ಟರೆ ನಿನ್ನ ಮುಂದಿನ ಬಂದರಿಗೆ ತಲುಪಿಸುತ್ತಾರಂತೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ಅಪ್ಪ ಹೋದಾಗ ನೀನು ನಡುಗಡಲಲ್ಲಿದ್ದೆ, ಬರಲಾಗಲಿಲ್ಲ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ಬೆಳಿಗ್ಗೆ ಪಾಠಕ್ಕೆ ಹೊರಡಲು ಕುರ್ಚಿಯಲ್ಲಿ ಕೂತು ಒಂದು ಕಾಲಿಗೆ ಸಾಕ್ಸು ಹಾಕಿಕೊಂಡಿದ್ದರು, ಇನ್ನೊಂದು ಕೈಯಲ್ಲೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ನನಗೇ ಗೊತ್ತಾಗಲಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು? ಮಾಡಬೇಕಾದದ್ದನ್ನೆಲ್ಲ ನಾನೇ ನಿಂತು ಮಾಡಿದೆ. ಗಟ್ಟಿಗಿತ್ತಿ, ಗಟ್ಟಿಗಿತ್ತಿ ಅಂತ ಬಂದವರೆಲ್ಲ ಬೆನ್ನು ತಟ್ಟಿ ಹೋದರು. ಗಟ್ಟಿತನವೋ ಇನ್ನೇನೋ, ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಹಲ್ಲು ಕೀಳುವ ಮೊದಲು ಮರಗಟ್ಟಿಸುತ್ತಾರಲ್ಲ, ಆಮೇಲೆ ತುಟಿ ಇದೆಯೋ ಇಲ್ಲವೋ ಅಂತ ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗಿದ್ದೇನೆ. ಕೆಲಸಕ್ಕೇನೂ ತೊಂದರೆಯಿಲ್ಲ.

ಸುದ್ದಿ ಅಂದರೆ ಕಾರಿನದು. ಅಪ್ಪ ಹೋದ ಮೇಲೆ ಡ್ರೈವಿಂಗ್ ಸ್ಕೂಲು ನಡೆಸುತ್ತಿರುವವಳು ನಾನೊಬ್ಬಳೇ. ಸ್ಕೂಲು ಅಂದರೆ ಇನ್ನೇನು, ಬಾಗಿಲ ಮೇಲಿನ ಬೋರ್ಡು ಮತ್ತು ನಮ್ಮ ಹೆಡ್‌ಮೇಷ್ಟ್ರು. ಆ ಹೆಸರು ಕಾರಿಗೆ ಯಾರು ಇಟ್ಟರೋ, ಸರಿಯಾಗಿಯೇ ಇಟ್ಟಿದ್ದಾರೆ. ಪಾಠ ಹೇಳುವ ಅಪ್ಪನಿಗೆ ಗದರಲು ಬರುತ್ತಿರಲಿಲ್ಲ, ಗದರುವ ಕೆಲಸವನ್ನೆಲ್ಲ ಇಂಜಿನ್ನೇ ಮಾಡುತ್ತಿತ್ತು. ಕ್ಲಚ್ಚನ್ನು ಬೇಗ ಬಿಟ್ಟವರ ತಲೆಗೆ ಮೊಟಕಿದ ಹಾಗೆ ಒಂದು ಸಲ ಕುಲುಕಿ ನಿಂತುಬಿಡುತ್ತಿತ್ತು. ಕಳೆದ ತಿಂಗಳು ಟೈಲರಕ್ಕನಿಗೆ ಪಾಠ ಹೇಳುತ್ತಿದ್ದೆ. ಅವಳು ನಿನಗೆ ಗೊತ್ತಿಲ್ಲ. ಮಕ್ಕಳ ಸ್ಕೂಲ್ ಯೂನಿಫಾರಂ ಹೊಲಿಯುವವಳು, ಹೊಲಿದದ್ದನ್ನು ತಾನೇ ಸಾಗಿಸಬೇಕು ಅಂತ ಹಳೆಯದೊಂದು ವ್ಯಾನು ಕೊಂಡು ಮನೆಮುಂದೆ ನಿಲ್ಲಿಸಿಕೊಂಡು ಕಲಿಯಲು ಬಂದವಳು. ಆಸ್ಪತ್ರೆಯ ಏರು ಹತ್ತುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನಾನು ಅದನ್ನು ನೋಡುತ್ತಲೇ ಇದ್ದೆ. ಬಾನೆಟ್ಟಿನ ಸಂದಿನಿಂದ ಆವಿ ಎದ್ದಿತು, ಅದನ್ನೂ ನೋಡಿದೆ. ಕೊನೆಗೆ ಅವಳೇ ಬದಿಗೆ ನಿಲ್ಲಿಸಿ, ‘ಟೀಚರ್, ಹೊಗೆ ಬರ್ತಿದೆ, ಇಳಿಯೋಣ್ವಾ?’ ಅಂದಳು. ಆಗ ಇಳಿದೆ.

ಗ್ಯಾರೇಜ್ ಮಾಮ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಮಾಮನಿಗೂ ವಯಸ್ಸಾಯಿತು ಕಣೋ. ಮೊದಲು ಕಾರಿನ ಕೆಳಗೆ ಸರ್ರನೆ ಜಾರುತ್ತಿದ್ದವರು ಈಗ ಒಂದೊಂದೇ ಕೈಕಾಲು ಒಳಗೆ ಕಳಿಸುತ್ತಾರೆ. ಆಯಿಲ್ ಕಡ್ಡಿ ಎಳೆದು ನನಗೆ ತೋರಿಸಿದರು. ‘ನೋಡಮ್ಮ, ಹಾಲು ಹಾಕಿದ ಕಾಫಿ ಥರ ಆಗಿದೆ. ನೀರು ಆಯಿಲ್ಲಿಗೆ ಸೇರಿದೆ. ಗ್ಯಾಸ್ಕೆಟ್ ಹೋಗಿದೆ, ಮೇಲಿನ ಹೆಡ್ಡೂ ಬಿಸಿಗೆ ಬಾಗಿರಬೇಕು. ಪಿಸ್ಟನ್ ರಿಂಗುಗಳಂತೂ ಸವೆದು ಸವೆದು ಯಾವತ್ತೋ ಮುಗಿದಿವೆ. ಪೂರ್ತಿ ಬಿಚ್ಚಿ ಕಟ್ಟಬಹುದು. ಕಟ್ಟಿದ್ಮೇಲೆ ಎಷ್ಟು ದಿನ ಬರುತ್ತೆ ಅಂತ ಕೇಳ್ಬೇಡ.’ ಹೊಸದು ಕೊಳ್ಳಲೇ ಮಾಮ ಅಂತ ಕೇಳಿದೆ. ‘ಕೊಳ್ಳು’ ಅಂದರು. ಆಯಿಲ್ ಕಡ್ಡಿ ಒರೆಸಿ ಒಳಗಿಟ್ಟು, ‘ಬೇಡ, ಕೊಳ್ಳಬೇಡ’ ಅಂದರು. ಅಷ್ಟು ಹೇಳಿ ಬಾನೆಟ್ಟಿಗೆ ಒರಗಿ ಅತ್ತುಬಿಟ್ಟರು. ‘ನಿಮ್ಮಪ್ಪ ಇಲ್ಲೇ ಈ ಸ್ಟೂಲ್ ಮೇಲೆ ಕೂತ್ಕೊಂಡು ನನ್ನ ತಲೆ ತಿಂತಿದ್ರಮ್ಮ.’ ಗ್ರೀಸ್ ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಳ್ಳಲು ಹೋದರು. ನಾನು ನನ್ನ ಕರ್ಚೀಫು ಕೊಟ್ಟೆ. ಅದು ಒಗೆದಿದ್ದೇ, ಮಡಿಕೆ ಬಿಚ್ಚದೆ ಎಷ್ಟೋ ದಿನದಿಂದ ಚೀಲದಲ್ಲಿ ಹಾಗೇ ಇತ್ತು.

ದುಡ್ಡಿನ ಯೋಚನೆ ನೀನು ಮಾಡಬೇಡ. ಯಾವುದು ಮಾಡಿದರೂ ಸಾಲುವಷ್ಟು ಅಪ್ಪ ಇಟ್ಟುಹೋಗಿದ್ದಾರೆ. ಇಲ್ಲದಿದ್ದರೇ ಚೆನ್ನಾಗಿತ್ತು, ಇದೊಂದು ತಲೆನೋವೇ ಇರುತ್ತಿರಲಿಲ್ಲ. ಆ ಕಾರಿನಲ್ಲಿ ಕಲಿತವರೆಲ್ಲ ಒಂದೊಂದು ಬುದ್ಧಿ ಹೇಳಿದರು. ಹಲ್ಲಿನ ಡಾಕ್ಟರು ‘ಮಾರಿಬಿಡಿ, ಮಮಕಾರ ಒಳ್ಳೇದಲ್ಲ’ ಅಂದರು. ಅವರೇ ಹಳೆಯ ಕಾರನ್ನು ಹೊದಿಕೆ ಹೊದಿಸಿ ಇಟ್ಟುಕೊಂಡಿದ್ದಾರೆ. ಬೇಕರಿಯವನು ‘ಮಾರಿದ್ರೆ ನಿಮಗೆ ಬ್ರೆಡ್ ಕೊಡಲ್ಲ ನೋಡಿ’ ಅಂತ ನಕ್ಕ. ಎಲ್ಲರ ಮಾತೂ ಸರಿಯಾಗಿಯೇ ಕೇಳಿಸುತ್ತಿತ್ತು. ಯಾವುದೂ ಒಳಗಿಳಿಯಲಿಲ್ಲ.

ಅಮ್ಮನನ್ನು ಕರೆದುಕೊಂಡು ಶೋರೂಮಿಗೂ ಹೋಗಿಬಂದೆ. ಅಲ್ಲಿನವನು ಪರದೆ ಮುಟ್ಟಿ ತೋರಿಸಿದ, ಹಾಡು ಹಾಕಿದ, ಸೀಟು ಹಿಂದೆಮುಂದೆ ಓಡಿಸಿದ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ‘ಅದೆಲ್ಲ ಸರಿಯಪ್ಪಾ, ಪಾಠ ಹೇಳೋರು ಕಾಲೆಲ್ಲಿ ಇಡ್ಬೇಕು?’ ಅಂದಳು. ಅವನು ತಬ್ಬಿಬ್ಬಾದ. ಪಕ್ಕದ ಸೀಟಿಗೂ ಒಂದು ಜೊತೆ ಕ್ಲಚ್ಚು ಬ್ರೇಕು ಬೇಕೆಂದು ನಾನು ಬಿಡಿಸಿ ಹೇಳಬೇಕಾಯಿತು. ರಾತ್ರಿ ಊಟಕ್ಕೆ ಕೂತಾಗ ನೀನೇ ಹೇಳಮ್ಮ, ಏನು ಮಾಡಲಿ ಅಂತ ಕೇಳಿದೆ. ಕಾರಿನ ಮೇಲೆ ಅವಳಿಗೆ ಯಾವತ್ತೂ ಅಷ್ಟಕ್ಕಷ್ಟೇ. ಮದುವೆಯಾದ ಹೊಸತರಲ್ಲಿ, ಆಗಿದ್ದ ಬೇರೆ ಕಾರಿನಲ್ಲಿ, ಅಪ್ಪ ಅವಳಿಗೆ ಕಲಿಸಲು ಹೋಗಿದ್ದರಂತೆ. ‘ಮೊದಲನೇ ದಿನಾನೇ ಇಬ್ಬರೂ ಮಾತು ಬಿಟ್ವಿ. ಊರಿಗೆಲ್ಲ ತಾಳ್ಮೆ, ಹೆಂಡ್ತಿಗೆ ಮಾತ್ರ ಇಲ್ಲ’ ಅಂದಳು. ಆಮೇಲೆ ಮೆತ್ತಗೆ, ‘ಇಟ್ಕೊಂಡ್ರೆ ಅವರು ವಾಪಸ್ ಬರಲ್ಲ. ಮಾರಿದ್ರೆ ಇನ್ನೊಂದ್ಸಲ ಹೋಗಲ್ಲ. ಯಾವುದೋ ಒಂದು ಮಾಡು. ಮೊದಲು ತಟ್ಟೇಲಿರೋದನ್ನ ತಿನ್ನು’ ಅಂದಳು. ನನ್ನ ತಟ್ಟೆ ಬಡಿಸಿದ ಹಾಗೇ ಇತ್ತು.

ನಿನ್ನನ್ನೂ ಕೇಳಬೇಕಿತ್ತು. ನಮ್ಮಲ್ಲಿ ಇಂಜಿನ್ ಗೊತ್ತಿರುವವನು ನೀನೊಬ್ಬನೇ. ಆದರೆ ಕಾಗದ ಸಮುದ್ರಕ್ಕೆ ಹೋಗಿ ಬರುವಷ್ಟು ಹೊತ್ತು ನಮಗಿರಲಿಲ್ಲ. ಮಾರುವುದೇ ಸರಿ ಅಂದುಕೊಂಡು ಗುಜರಿಯವನಿಗೆ ಹೂಂ ಅಂದೆ. ಬೇಡ ಅನ್ನುವುದಕ್ಕಿಂತ ಹೂಂ ಅನ್ನುವುದು ಸುಲಭ, ಬಾಯಿ ಕೂಡ ತೆರೆಯಬೇಕಾಗಿಲ್ಲ. ಕಾರಿನೊಳಗಿದ್ದ ಅಪ್ಪನ ಸಾಮಾನು ತೆಗೆಯಲು ಗ್ಯಾರೇಜಿಗೆ ಹೋದೆ. ತಂಪು ಕನ್ನಡಕ, ಗಾಜು ಒರೆಸುವ ಬಟ್ಟೆ, ಅರ್ಧ ಖಾಲಿಯಾದ ಪೆಪ್ಪರಮಿಂಟಿನ ಪೊಟ್ಟಣ. ಒಂದೊಂದನ್ನೂ ಕೈಯಲ್ಲಿ ಹಿಡಿದು ಕಾದೆ, ಈಗ ಏನಾದರೂ ಆಗಬಹುದು ಅಂತ. ಏನೂ ಆಗಲಿಲ್ಲ. ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡೆ, ಮೆತ್ತಗಾಗಿತ್ತು.

ಅಲ್ಲಿಂದ ಬರುವಾಗ ದಾರಿಯಲ್ಲೇ ಟೈಲರಕ್ಕನ ಅಂಗಡಿ. ಇನ್ನು ಮುಂದೆ ಹೊಸ ಕಾರಿನಲ್ಲಿ ಪಾಠ ಅಂದೆ. ಅವಳು ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡಿದಳು. ‘ಬೇರೆ ಗಾಡಿ ಆದ್ರೆ ನನ್ನ ಕೈಲಾಗಲ್ಲ ಟೀಚರ್. ಆ ಕ್ಲಚ್ಚು ನನ್ನ ಈ ಪೆಡಲ್ ಥರಾನೇ ಕಾಲಿಗೆ ಕೂತ್ಬಿಟ್ಟಿದೆ. ಟೆಸ್ಟ್ ಬೇರೆ ಹತ್ರ ಬಂತು.’ ಹೊಸ ಕಾರಿಗೆ ಕಾಯಬೇಕು, ಅದಕ್ಕೆ ಜೋಡಿ ಪೆಡಲ್ ಕೂರಿಸಬೇಕು, ಪಾಠದ ಗಾಡಿ ಅಂತ ಒಪ್ಪಿಗೆ ಪಡೆಯಬೇಕು. ಅಷ್ಟರಲ್ಲಿ ಅವಳ ಟೆಸ್ಟು ಮುಗಿದೇ ಹೋಗುತ್ತಿತ್ತು. ಅಲ್ಲೇ ನಿಂತು ಮೊದಲು ಗುಜರಿಯವನಿಗೆ, ಆಮೇಲೆ ಗ್ಯಾರೇಜಿಗೆ ಫೋನು ಮಾಡಿದೆ. ‘ಬಿಚ್ಚಿ ಮಾಮ’ ಅಂದೆ. ಇಷ್ಟೇ ನಡೆದದ್ದು. ಅಪ್ಪನ ನೆನಪಿಗೆ ಉಳಿಸಿಕೊಂಡಳು ಅಂತ ಜನ ಹೊಗಳುತ್ತಿದ್ದಾರೆ, ನಿನ್ನ ಕಿವಿಗೆ ಹಾಗೆ ಬಿದ್ದರೆ ನಂಬಬೇಡ.

ಮಾಮ ಇಂಜಿನ್ನನ್ನು ಇಳಿಸಿ, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ನು ರಿಂಗು ಹಾಕಿ, ಬಾಗಿದ್ದ ಹೆಡ್ಡನ್ನು ಮಟ್ಟ ಮಾಡಿಸಿ ಕಟ್ಟಿದರು. ಮುಗಿದ ದಿನ ನನ್ನನ್ನು ಕರೆಸಿ ಕೀಲಿ ತಿರುಗಿಸಿದರು. ಮೊದಲು ಒಂದು ಉಂಡೆ ಹೊಗೆ ಕಾರಿತು, ಆಮೇಲೆ ತಿಳಿಯಾಗಿ ಓಡತೊಡಗಿತು. ‘ಕೇಳಮ್ಮ, ಹೇಗೆ ಹಾಡ್ತಿದೆ ಕೇಳು!’ ಅಂದರು. ಚೆನ್ನಾಗಿದೆ ಮಾಮ ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೈ ಚಾಚಿ ಇಂಜಿನ್ ಆರಿಸಿದರು.

ಹೀಗೆ ಕಾರಿನ ಕಥೆ ಮುಗಿಯಿತು. ನೀನು ಅಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡು. ಅವಸರ ಮಾಡಿ ಅರ್ಧಕ್ಕೆ ಬಿಟ್ಟು ಬರಬೇಡ, ಒಪ್ಪಂದ ಮುಗಿಸಿಯೇ ಬಾ. ಇಲ್ಲಿ ಎಲ್ಲ ನಡೆಯುತ್ತಿದೆ. ಅಮ್ಮ ನಿನ್ನ ತಲೆ ಸವರಿದೆ ಅಂತ ಬರೆಯಲು ಹೇಳಿದ್ದಾಳೆ, ಸವರಿದೆ ಅಂದುಕೋ. ಎಲ್ಲಿದ್ದರೂ ಹೊಟ್ಟೆತುಂಬ ಉಂಡು, ಕಣ್ತುಂಬ ಮಲಗಿ, ತಣ್ಣಗಿರು.

ನಿನ್ನ
ಅಕ್ಕ

ಮರೆತ ಮಾತು: ಅಂಟಿಸಿದ್ದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಅಮ್ಮ ಮಲಗಿದ್ದಾಳೆ, ಏಳುವುದರೊಳಗೆ ಮುಗಿಸಬೇಕು. ನಿನ್ನೆ ರಿಪೇರಿಯಾದ ಮೇಲಿನ ಮೊದಲ ಪಾಠ. ಬೇಕರಿಯ ತಿರುವಿನಲ್ಲಿ ಊರುಗೋಲು ಹಿಡಿದ ಒಬ್ಬ ಮುದುಕರು ರಸ್ತೆಗಿಳಿದರು. ಟೈಲರಕ್ಕ ಗಾಬರಿಬಿದ್ದಳು. ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು. ತುಳಿಯಬೇಕು ಅಂತ ಗೊತ್ತಾಯಿತು, ತುಳಿಯಲಿಲ್ಲ. ಹೆದರಿಕೆಯೂ ಆಗಲಿಲ್ಲ. ಇವರಿಗೆ ಈಗ ಬಡಿಯುತ್ತದೆ ಅಂತ, ಬೇರೆ ಯಾರದೋ ಸುದ್ದಿ ಓದಿದ ಹಾಗೆ ಸುಮ್ಮನೆ ಅಂದುಕೊಂಡೆ. ಕೊನೆಗೆ ಅವಳೇ ತುಳಿದಳು. ಕಾರು ಅವರ ಮೊಣಕಾಲಿನ ಹತ್ತಿರ ನಿಂತಿತು. ಅವರು ಕೋಲೆತ್ತಿ ಬೈದು ಹೋದರು. ‘ಟೀಚರ್, ನಿಮ್ಮ ಕಾಲು ಅಲ್ಲೇ ಇತ್ತಲ್ಲ?’ ಅಂದಳು. ಕೀಲಿಯನ್ನು ಮಾಮನ ಕೈಗೆ ಕೊಟ್ಟು ಬಂದಿದ್ದೇನೆ. ಅವಳ ಟೆಸ್ಟಿಗೆ ತಾವೇ ಪಕ್ಕದಲ್ಲಿ ಕೂತು ಕಲಿಸುತ್ತಾರಂತೆ. ಅಮ್ಮನಿಗೆ ಹೇಳಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗುತ್ತೇನೆ, ಏನಂತ ಹೇಳಿಕೊಳ್ಳಬೇಕೋ ಗೊತ್ತಿಲ್ಲ, ಆದರೂ ಹೋಗುತ್ತೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕು ತಮ್ಮಯ್ಯ. ಒಪ್ಪಂದ ಮುಗಿಯುವವರೆಗೆ ಕಾಯಬೇಡ. ರಜೆ ಕೇಳು. ಬೇಗ ಬಾ. ಯಾವ ಬಸ್ಸಿಗೆ ಬರುತ್ತೀಯ ಅಂತ ಮಾತ್ರ ತಿಳಿಸು, ನಿಲ್ದಾಣಕ್ಕೆ ನಾನು ನಡೆದುಕೊಂಡೇ ಬರುತ್ತೇನೆ.