ಹಿಂದಿನ ಕೋಣೆಯ ಪ್ರತಿಭಟನೆ

ಹಿಂದಿನ ಕೋಣೆಯಿಂದ,
ಶುಕ್ರವಾರ, ಬೆಳಗ್ಗೆ ಹತ್ತು ಗಂಟೆ

ಹದಿನೆಂಟು ವರ್ಷ ಗುಂಡಿನ ಸದ್ದಿನ ನಡುವೆ ಕೂತು ಸಂಧಾನ ನಡೆಸಿದ, ಏಳು ಕದನವಿರಾಮಗಳಿಗೆ ಸಾಕ್ಷಿಯಾದ, ನಿವೃತ್ತಿಯ ನಂತರ ಮುಂದಿನ ಕೋಣೆ, ಅಡುಗೆಮನೆ ಹಾಗೂ ಟಿವಿ ರಿಮೋಟಿನ ಏಕೈಕ ಒಡತಿಯಾದ ಮಹಾಮಾನ್ಯ ಮಾಜಿ ರಾಯಭಾರಿ ಅಮ್ಮನವರ ದಿವ್ಯ ಸನ್ನಿಧಾನಕ್ಕೆ,

ಹಿಂದಿನ ಕೋಣೆಯ ಸರ್ಕಾರವು ತಲೆಬಾಗಿ ವಂದಿಸಿ, ಆ ತಲೆಯನ್ನು ಕೂಡಲೇ ಮೇಲೆತ್ತಿ, ಈ ಪ್ರತಿಭಟನಾ ಪತ್ರವನ್ನು ಸಲ್ಲಿಸುತ್ತದೆ. ಮಂಗಳವಾರದಿಂದ ನಮ್ಮಿಬ್ಬರ ಮಾತುಕತೆ ಮುರಿದುಬಿದ್ದಿರುವುದರಿಂದ ಇದನ್ನು ತಟಸ್ಥ ರಾಷ್ಟ್ರವಾದ ಅಪ್ಪ ತಲುಪಿಸುತ್ತಾರೆ. ಅವರ ತಾಟಸ್ಥ್ಯದ ಬಗ್ಗೆ ನಮಗೆ ಅನುಮಾನವಿದೆ. ನಿನ್ನೆ ತಮ್ಮ ಕಡೆಯಿಂದ ಅವರಿಗೆ ಎರಡು ಸಲ ಕಾಫಿ ಸರಬರಾಜಾಗಿದೆ. ಮೂರು ದಿನದಿಂದ ಬರೀ ಸೂಪು ಕುಡಿದು ಸೊರಗಿರುವ ಮನುಷ್ಯ, ಕಾಫಿಗೆ ಕರಗದೆ ಇನ್ನೇನು ಮಾಡಿಯಾರು.

ವಿಷಯ: ನನ್ನ ಪಾಸ್‌ಪೋರ್ಟ್ ಕಾಣೆಯಾಗಿರುವುದು.

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ನನ್ನ ವಿಮಾನ. ಗಡಿ ಪಟ್ಟಣದ ಕದನವಿರಾಮದ ಮಾತುಕತೆಗೆ ಹೋಗುವ ತಂಡದಲ್ಲಿ ನಾನೇ ಎಲ್ಲರಿಗಿಂತ ಕಿರಿಯಳು. ಯಾರು ಯಾವಾಗ ಏನೆಂದರು ಎಂದು ಬರೆದುಕೊಳ್ಳುವುದು, ಎರಡೂ ಕಡೆ ಕುರ್ಚಿಗಳು ಸಮ ಇವೆಯೇ ಎಂದು ನೋಡುವುದು, ಇಷ್ಟೇ ಕೆಲಸ. ಮಂಗಳವಾರ ಇದನ್ನೇ ಹೇಳಿದ್ದಕ್ಕೆ ತಾವು, "ಅಲ್ಲಿ ಕುರ್ಚಿಗೂ ಗ್ಯಾರಂಟಿ ಇಲ್ಲ ಕಣೇ. ತೆಪ್ಪಗೆ ಇಲ್ಲೇ ಒಂದು ಮೇಜು ಹಿಡಿದು ಕೂತ್ಕೋ" ಅಂದಿರಿ. ನಾನು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮೇಜಿನ ಮೇಲಿದ್ದ ಪಾಸ್‌ಪೋರ್ಟ್ ಮಾಯ. ಕೇಳಿದರೆ, "ನಿನ್ನ ಸಾಮಾನು ನೀನು ನೋಡ್ಕೋಬೇಕು, ನಾನೇನು ನಿನ್ನ ಗುಮಾಸ್ತಳಾ?" ಎಂಬ ಉತ್ತರ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವೃತ್ತಿಕೌಶಲ ಅಂದರೆ ಇದು ಎಂದು ಹಿಂದಿನ ಕೋಣೆ ಮನಸಾರೆ ಮೆಚ್ಚಿತು.

ಆದರೆ ನಮ್ಮ ಬಳಿ ಪೂರ್ವನಿದರ್ಶನಗಳಿವೆ. ತಾವು ಮೊದಲ ಸಲ ಹೊರಟಾಗ ಅಜ್ಜಿ ಬಟಾಣಿ ಬುಟ್ಟಿ ಇಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತರು. "ಮಗೂಗಿನ್ನೂ ಆರು ವರ್ಷ, ನಿಂಗೇನು ತಲೆ ಕೆಟ್ಟಿದೆಯಾ?" ಅಂದರು. ತಾವು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು, ಅಷ್ಟೂ ಬಟಾಣಿ ಸುಲಿದುಕೊಟ್ಟು, ಅವರನ್ನು ದಾಟಿಕೊಂಡು ಹೊರಟುಹೋದಿರಿ. ಆ ಮಗು ಇದನ್ನು ಶಾಲೆಯಲ್ಲೆಲ್ಲ ಹೇಳಿಕೊಂಡು ಮೆರೆಯಿತು.

ಇನ್ನು ಆ ಬಾಗಿಲಿನ ಕಥೆ. ಒಮ್ಮೆ ತಮ್ಮ ಮಾತುಕತೆಗೆ ಸಿಕ್ಕಿದ್ದು ಒಂದೇ ಬಾಗಿಲಿನ ಶಾಲಾ ಕೊಠಡಿ. ಎರಡನೆಯವನಾಗಿ ಒಳಗೆ ಹೋದರೆ ಮರ್ಯಾದೆ ಹೋಯಿತೆಂದು ಎರಡು ಪಡೆಗಳ ಮುಖಂಡರೂ ಅಂಗಳದಲ್ಲೇ ನಿಂತುಬಿಟ್ಟರು. ತಾವು ಬಡಗಿಯನ್ನು ಕರೆಸಿ ಎದುರು ಗೋಡೆಯ ಕಿಟಕಿಯನ್ನು ಬಾಗಿಲು ಮಾಡಿಸಿದಿರಿ. ಎರಡು ದಿನ ಹಿಡಿಯಿತು. ಆ ಎರಡು ದಿನ ಒಂದೂ ಗುಂಡು ಹಾರಲಿಲ್ಲ. ಎರಡೂ ಕಡೆಯವರು ಬಡಗಿಗೆ ಬುದ್ಧಿ ಹೇಳುವುದರಲ್ಲೇ ಮುಳುಗಿಹೋಗಿದ್ದರು. ಊಟದ ಮೇಜಿನಲ್ಲಿ ಇದನ್ನು ನೂರು ಸಲ ಹೇಳಿದವರು ಯಾರು? ಹೇಳಿ ಹೇಳಿ ನನ್ನನ್ನು ಕೆಡಿಸಿದವರು ಯಾರು? ಈಗ ಹೋಗಬೇಡ ಎಂದರೆ ಯಾವ ನ್ಯಾಯ?

ಅಮ್ಮ, ನಿನ್ನ ಎಡಗಿವಿಯ ವಿಷಯ ನನಗೆ ತಿಳಿಯದು ಅಂದುಕೊಂಡಿದ್ದೀಯಾ? ಹನ್ನೊಂದು ವರ್ಷದಿಂದ ನಾನೂ ಅಪ್ಪನೂ ನಿನ್ನ ಬಲಗಡೆಯೇ ಕೂತು ಊಟ ಮಾಡಿದ್ದೇವೆ. ಎಡಗಡೆಯ ಕುರ್ಚಿಯ ಮೇಲೆ ಹಳೇ ಪೇಪರು ಪೇರಿಸಿದ್ದೇವೆ. ಅಂದು ಏನು ಸಿಡಿಯಿತು, ನೀನೆಷ್ಟು ದೂರ ಇದ್ದೆ, ಜೊತೆಗಿದ್ದವರು ಏನಾದರು, ಒಂದೂ ನೀನು ಹೇಳಲಿಲ್ಲ. ಬಾಗಿಲಿನ ಕಥೆ ಮಾತ್ರ ಹೇಳಿದೆ. ಹೇಳದೆ ಬಿಟ್ಟದ್ದನ್ನೂ ಲೆಕ್ಕಕ್ಕೆ ಹಿಡಿದೇ ನಾನು ಈ ಕೆಲಸಕ್ಕೆ ಸೇರಿದ್ದು. ಹಾಗಾಗಿ "ನಿಂಗೇನು ಗೊತ್ತು" ಅನ್ನಬೇಡ. ನಾನು ಹೋಗುವವಳೇ. ಪಾಸ್‌ಪೋರ್ಟ್ ಸಿಗದಿದ್ದರೆ ಹೊಸದು ಮಾಡಿಸಿಕೊಂಡು ಹೋಗುತ್ತೇನೆ. ಈ ವಿಮಾನ ತಪ್ಪಿದರೆ ಮುಂದಿನದು ಹತ್ತುತ್ತೇನೆ. ಬಾಗಿಲಿಗೆ ಅಡ್ಡ ಕೂತರೆ ಬಟಾಣಿ ಸುಲಿಯುತ್ತೇನೆ.

ಆದ್ದರಿಂದ ಭಾನುವಾರ ಸಂಜೆ ಐದರೊಳಗೆ ಪಾಸ್‌ಪೋರ್ಟನ್ನು ಬೇಷರತ್ತಾಗಿ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ, ಸದ್ಯ ನಮ್ಮ ವಶದಲ್ಲಿರುವ ರಿಮೋಟಿನ ಬ್ಯಾಟರಿಗಳ ಕ್ಷೇಮಕ್ಕೆ ನಾವು ಹೊಣೆಯಲ್ಲ. ಈ ವಿಷಯದಲ್ಲಿ ಹಿಂದಿನ ಕೋಣೆ ಒಂದಿಂಚೂ ಸರಿಯುವುದಿಲ್ಲ.

ತಮ್ಮ ಅವಿಧೇಯ ಮಗಳು,
ಕಪಿ

ಮರೆತ ಮಾತು: ಅದು ಹಿಟ್ಟಿನ ಡಬ್ಬಿಯಲ್ಲಿದೆ. ಬುಧವಾರವೇ ಸಿಕ್ಕಿತು, ನಾನು ಮೊದಲು ಹುಡುಕಿದ್ದೇ ಅಲ್ಲಿ. ಆರು ವರ್ಷದವಳಿದ್ದಾಗ ನಿನ್ನ ಪಾಸ್‌ಪೋರ್ಟನ್ನು ಅದೇ ಡಬ್ಬಿಯ ತಳದಲ್ಲಿ ಹೂತಿಟ್ಟವಳು ನಾನೇ. ನೀನು ಎರಡು ದಿನ ತಡವಾಗಿ ಹೊರಟೆ, ಕಚೇರಿಗೆ ಫೋನ್ ಮಾಡಿ ತಪ್ಪು ನನ್ನದೇ ಅಂದೆ. ಬಚ್ಚಿಟ್ಟದ್ದು ನಾನೆಂದು ಯಾರಿಗೂ ಗೊತ್ತಿಲ್ಲ ಎಂದೇ ನಾನು ಅಂದುಕೊಂಡಿದ್ದೆ, ಈ ಬುಧವಾರ ಅದೇ ಡಬ್ಬಿಯಲ್ಲಿ ನನ್ನದು ಕಾಣುವವರೆಗೆ. ಅಪ್ಪನಿಗೆ ರೊಟ್ಟಿಯಿಲ್ಲದೆ ಬರೀ ಸೂಪೇ ಯಾಕೆ ಸಿಗುತ್ತಿದೆ ಎಂದರೆ, ಆ ಡಬ್ಬಿಯ ಹಿಟ್ಟನ್ನು ನೀನೂ ಮುಟ್ಟುತ್ತಿಲ್ಲ, ನಾನೂ ಮುಟ್ಟುತ್ತಿಲ್ಲ. ನಾನು ದಿನಕ್ಕೆ ಎರಡು ಸಲ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿ ಬರುತ್ತೇನೆ. ಕೈ ಒಳಗೆ ಹೋಗುತ್ತಿಲ್ಲ ಅಮ್ಮ. ನೀನೇ ತೆಗೆದುಕೊಡು.