ಕಂಟ್ರೋಲ್ ಮಡಿ

12 ಆಗಸ್ಟ್ 2024, ಸೋಮವಾರ

ಮತ್ತೆ ಅದೇ ಬಸ್ಸು. ಬಾಗಲಕೋಟೆಯಿಂದ ಕಲಾದಗಿ. ನಿಂಗರಾಜನ ಹೊಲದಲ್ಲಿ ಉಳ್ಳಾಗಡ್ಡಿ ಈಗಷ್ಟೇ ತಲೆ ಎತ್ತಿದೆ. ಕುರಿಗೊಬ್ಬರ ನೆನೆಸಿದ ನೀರು ಹಾಕಿದರೆ ಗಡ್ಡೆ ಎಷ್ಟು ತೂಗುತ್ತದೆ — ಇದೇ ನನ್ನ ಪಿಎಚ್‌ಡಿ. ಕೇಳಿದವರು ನಗುತ್ತಾರೆ. ನಗಲಿ. ಹೊಲವನ್ನು ಸಣ್ಣ ಸಣ್ಣ ಮಡಿ ಮಾಡಿದ್ದೇನೆ. ಕೆಂಪು ಬಾವುಟ ಚುಚ್ಚಿದ ಮಡಿಗಳಿಗೆ ಗೊಬ್ಬರದ ನೀರು ಇಲ್ಲ, ಬರೀ ನೀರು. ಹೋಲಿಸಿ ನೋಡಲು. ಹೋದ ವರ್ಷದ್ದೆಲ್ಲ ಮಳೆಗೆ ಕೊಳೆತುಹೋಯಿತು. ಈ ವರ್ಷವಾದರೂ...

ನಿಂಗರಾಜನ ಅವ್ವ ರಂಗವ್ವ ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಈ ಮಡಿಗ್ಯಾಕ ಹಾಕಲಿಲ್ಲವಾ?"

"ಅದು ಕಂಟ್ರೋಲ್, ಆಯಿ."

"ಹೌದಾ" ಅಂದಳು, ಎಲ್ಲ ತಿಳಿದವಳ ಹಾಗೆ. ಇವತ್ತು ನನ್ನ ಜೊತೆ ಮಾತಾಡಿದ್ದು ಅವಳೊಬ್ಬಳೇ.

1 ಸೆಪ್ಟೆಂಬರ್

ವಿದ್ಯಾ ಹಾಸ್ಟೆಲ್ ಖಾಲಿ ಮಾಡಿದಳು. ಥೀಸಿಸ್ ಸಬ್ಮಿಟ್ ಆಯಿತಂತೆ. ಬಕೆಟ್ಟು, ಮಗ್ಗು ನನಗೆ ಬಿಟ್ಟುಹೋಗಿದ್ದಾಳೆ, ಆಸ್ತಿ. ನಮ್ಮ ಬ್ಯಾಚಿನಲ್ಲಿ ಇನ್ನು ನಾನೊಬ್ಬಳೇ. ಮೆಸ್ಸಿನಲ್ಲಿ ಜೂನಿಯರ್‌ಗಳು ಎದ್ದು ಜಾಗ ಕೊಡುತ್ತಾರೆ. ಜೊತೆಗೆ ಕೂರುವುದಿಲ್ಲ.

ಹೊಲಕ್ಕೆ ಹೋದ ದಿನ ಮಾತ್ರ ಬಾಯಿಗೆ ಕೆಲಸ. ಆಯಿ ಮಾತಾಡಿಸದೆ ಬಿಡುವುದಿಲ್ಲ.

18 ನವೆಂಬರ್

ಎನ್‌ಎಸ್. ನಾನ್-ಸಿಗ್ನಿಫಿಕಂಟ್. ಹಾಕಿದ ಮಡಿಗೂ ಹಾಕದ ಮಡಿಗೂ ವ್ಯತ್ಯಾಸವೇ ಇಲ್ಲ. ಕಿತ್ತ ಗಡ್ಡೆಗಳ ತೂಕ ಹಾಕಿ ಮತ್ತೆ ಮತ್ತೆ ರನ್ ಮಾಡಿದೆ. ಕಂಪ್ಯೂಟರಿಗೂ ನನಗೂ ಹಟ. ಕಂಪ್ಯೂಟರ್ ಗೆದ್ದಿತು.

ಗೈಡ್ ಸರ್ ಬೈಯಲಿಲ್ಲ. "ಎನ್‌ಎಸ್ ಬಂದ್ರೂ ರಿಸಲ್ಟ್ ರಿಸಲ್ಟ. ಉಪಯೋಗ ಇಲ್ಲಂತ ಬರದು ಮುಗಸವಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

19 ನವೆಂಬರ್

ಏನೂ ಇಲ್ಲ.

30 ಡಿಸೆಂಬರ್, ಎಳ್ಳ ಅಮಾವಾಸ್ಯೆ

ನಿಂಗರಾಜ ಫೋನ್ ಮಾಡಿದ. "ಚರಗಾ ಚೆಲ್ಲಾಕ ಬರ್ರಿ ಮೇಡಂ. ಅವ್ವ ಹಟಾ ಹಿಡದಾಳ." ಭೂಮಿಗೆ ಉಣಿಸುವ ಹಬ್ಬ. ಮೋರೆ ತೋರಿಸುವ ಮನಸ್ಸಿರಲಿಲ್ಲ. ಹೋದೆ. ಮಡಿಗಳಿದ್ದಲ್ಲಿ ಈಗ ಜೋಳ. ಆಯಿ ಬುಟ್ಟಿಯಿಂದ ಕಡುಬು, ಪಲ್ಯ ತೆಗೆದು ಹೊಲದ ನಾಲ್ಕೂ ಕಡೆ ಚೆಲ್ಲಿದಳು. ಆಮೇಲೆ, ಪರೀಕ್ಷೆ ಏನಾಯಿತು ಅಂತ ಕೇಳಿದಳು. ಎಲ್ಲ ಮಡಿ ಒಂದೇ ಬಂದವು, ನನ್ನ ಗೊಬ್ಬರದ ನೀರು ಸುಳ್ಳಾಯಿತು ಅಂದೆ.

"ಸುಳ್ಳ ಹೆಂಗ ಆಗ್ತೈತಿ? ಕೆಂಪ ಬಾವುಟದ ಮಡಿಗೂ ನಾ ಹಾಕೇನಲ್ಲ! ನೀ ಬಸ್ ಹತ್ತಿ ಹ್ವಾದ ಮ್ಯಾಲ, ಡ್ರಮ್ಮಿನಾಗ ಉಳದದ್ದು. ಕಂಟ್ರೋಲ್ ಅಂದ್ರ ಬಡವರ ಪಾಲು. ಅದನ್ನೂ ಕೊಡಲಿಲ್ಲಂದ್ರ ಹೆಂಗವಾ?"

ಇಲ್ಲಿ ರೇಷನ್ ಅಂಗಡಿಗೆ ಕಂಟ್ರೋಲ್ ಅನ್ನುತ್ತಾರೆ. ನಮ್ಮ ಹುನಗುಂದದಲ್ಲೂ ಅದೇ. ಕಂಟ್ರೋಲ್ ಅಕ್ಕಿ ತಂದುಕೊಂಡೇ ಬೆಳೆದವಳು ನಾನು. ಹೊಳೆಯಲೇ ಇಲ್ಲ.

ಕೂಗಾಡಿದೆ. ಹಬ್ಬದ ದಿನ, ಅವರದೇ ಹೊಲದಲ್ಲಿ ನಿಂತು. ಆಯಿ ಬುಟ್ಟಿ ಮುಚ್ಚಿಕೊಂಡು ಹೋಗಿಬಿಟ್ಟಳು. ಬಸ್ಸಿನಲ್ಲಿ ತಲೆ ತಣ್ಣಗಾಯಿತು. ಹಾಗಾದರೆ ಗೊಬ್ಬರದ ನೀರು ಕೆಲಸ ಮಾಡಿರಬಹುದು. ಮಾಡಿರಬಹುದು, ಅಷ್ಟೇ. ಗೊತ್ತಾಗಬೇಕೆಂದರೆ ಮತ್ತೆ ಬಿತ್ತಬೇಕು.

6 ಜನವರಿ 2025

ವಾರದಿಂದ ಬಾಯಿ ಬಿಟ್ಟಿರಲಿಲ್ಲ. ಆಯಿ ಮಾಡಿದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ. ಉಪಯೋಗ ಇಲ್ಲ ಅಂತ ಬರೆದರೆ ಬೇಸಿಗೆಯೊಳಗೆ ಡಾಕ್ಟರ್ ಶೈಲಾ. ನಿಜ ಹೇಳಿದರೆ ಇನ್ನೊಂದು ಮುಂಗಾರು, ಇದೇ ರೂಮು, ಇದೇ ಗೋಡೆ.

ನಮ್ಮವ್ವ ಫೋನಿನಲ್ಲಿ, "ಈ ಸಲಾನರ ಮುಗೀತೇನವಾ?" ಹ್ಞೂಂ ಅಂದೆ. ಫೋನ್ ಇಟ್ಟು ನೇರ ಸರ್ ಹತ್ತಿರ ಹೋಗಿ ಹೇಳಿಬಿಟ್ಟೆ. ಒಳ್ಳೆ ಗೊಬ್ಬರಕ್ಕೆ ಕೆಟ್ಟ ಹೆಸರು ತಂದು ಡಾಕ್ಟರ್ ಆಗುವುದು ನನ್ನಿಂದಾಗದು. ಸರ್ ಮೊದಲು ನಕ್ಕರು. ಆಮೇಲೆ, "ಇದ ಕಡೀ ಸೀಜನ್ ನೋಡು. ಮತ್ತ ಎಕ್ಸ್‌ಟೆನ್ಶನ್ ಸಿಗೂದಿಲ್ಲ."

ಅವ್ವನಿಗೆ ಇನ್ನೂ ಹೇಳಿಲ್ಲ.

9 ಜುಲೈ

ಬಿತ್ತನೆ ಆಯಿತು. ಆಯಿಯ ಕಾಲು ಮುಟ್ಟಿ ತಪ್ಪಾಯಿತು ಅಂದೆ. "ಹುಡುಗರ ಮಾತು ಮನಸ್ಸಿನ್ಯಾಗ ಇಟಗೊಂಡ್ರ ಹೆಂಗ?" ಅಂದಳು. ಈ ಸಲ ಕಂಟ್ರೋಲ್ ಏನೆಂದು ಬಿಡಿಸಿ ಹೇಳಿದೆ. ಕೆಂಪು ಬಾವುಟದ್ದು ಹಸಿದೇ ಇರಬೇಕು, ಆಗಲೇ ಉಂಡದ್ದರ ಬೆಲೆ ತಿಳಿಯುವುದು. ಆಯಿ ವಾಲಿದ್ದ ಬಾವುಟವೊಂದನ್ನು ನೆಟ್ಟಗೆ ಮಾಡಿದಳು.

"ತಿಳೀತು. ಆದ್ರ ಹಸದದ್ದು ಕಣ್ಣಿಗೆ ಬಿದ್ರ ಸುಮ್ನಿರೂದು ನನ್ನ ಕಡಿಂದ ಆಗೂದಿಲ್ಲ. ನಿಂದು ಮುಗಿಯೂತನಕಾ ನಾ ಈ ಕಡೆ ಬರೂದ ಇಲ್ಲ ಬಿಡು."

ಒಳ್ಳೆಯದೇ ಆಯಿತು. ಪ್ರಯೋಗಕ್ಕೆ.

2 ಆಗಸ್ಟ್

ಬದು ಖಾಲಿ. ನೀರು ಹಾಕಿದೆ. ಎಲೆ ಅಳೆದೆ. ಬಂದೆ.

20 ಆಗಸ್ಟ್

ಕೆಂಪು ಬಾವುಟದ ಮಡಿಗಳು ಹಳದಿಗೆ ತಿರುಗುತ್ತಿವೆ. ಉಳಿದವು ಕಡು ಹಸಿರು. ಕಣ್ಣಿಗೇ ಕಾಣುತ್ತದೆ! ಹೇಳಿಕೊಳ್ಳೋಣವೆಂದರೆ ನರಪಿಳ್ಳೆ ಇಲ್ಲ. ನಿಂಗರಾಜ ಕುರಿ ಹೊಡೆದುಕೊಂಡು ಹೋಗಿದ್ದ. ವಿದ್ಯಾಗೆ ಫೋಟೋ ಕಳಿಸಿದೆ, ಹೆಬ್ಬೆರಳು ಬಂತು.

ವಾಪಸ್ ಬರುವಾಗ ಕಂಡಕ್ಟರ್ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದ. ಚೀಲದಲ್ಲೇ ಇತ್ತು. ಬೇಕೆಂದೇ ಜಗಳ ತೆಗೆದೆ. ಬಾಗಲಕೋಟೆ ಬರುವವರೆಗೂ ಮಾತಾಡಿದ ಹಾಗಾಯಿತು. ಇಂಥ ಗತಿ ಬಂತು ನನಗೆ. ಆಯಿ ಇಲ್ಲದ ಹೊಲ ಬೇಡವಾಗಿದೆ.

11 ಸೆಪ್ಟೆಂಬರ್, ಮಧ್ಯಾಹ್ನ, ಹೊಲದಲ್ಲಿ

ಊಟದ ಡಬ್ಬಿ ಮರೆತೆ. ಸಂಜೆವರೆಗೆ ಬಸ್ಸಿಲ್ಲ. ಹಸಿವು ಮರೆಯಲು ಬರೆಯುತ್ತ ಕೂತಿದ್ದೇನೆ. ನಿಂಗರಾಜ ಬಂದು, ಡಬ್ಬಿ ಇಲ್ಲದ್ದು ನೋಡಿ, ಮನೆಯ ಕಡೆ ಹೋದ.

ಯಾರೋ ಬರುತ್ತಿದ್ದಾರೆ.

ಆಯಿ! ಮಡಿಗಳಿರುವ ಕಡೆ ಸೆರಗು ಮೋರೆಗೆ ಅಡ್ಡ ಹಿಡಿದಿದ್ದಾಳೆ, ಹೊಸ ಸೊಸೆ ಮಾವನ ಮುಂದೆ ಹಾಯುವ ಹಾಗೆ. ಇನ್ನೊಂದು ಕೈಯಲ್ಲಿ ಗಂಟು. ಎಡವಿದಳು. ಆದರೂ ಸೆರಗು ಬಿಡಲಿಲ್ಲ.

ಮಡಿಗಳಿಗೆ ಬೆನ್ನು ಮಾಡಿ ನನ್ನೆದುರು ಕೂತಳು.

"ನೋಡಿಲ್ಲ, ನೋಡೂದೂ ಇಲ್ಲ. ಅವು ಹಸದಿರಲಿ. ನಿನಗೂ ಹಸದಿರು ಅಂತ ಯಾವ ಸರ್ ಹೇಳ್ಯಾರ?"

ಅಕ್ಷರ ಕಾಣುತ್ತಿಲ್ಲ. "ಬರಿಯೂದು ಬಿಡು, ಕೈ ತೊಳಿ" ಅನ್ನುತ್ತಿದ್ದಾಳೆ. ರೊಟ್ಟಿ, ಪುಂಡಿಪಲ್ಯ, ಇನ್ನೇನೋ ಬಿಚ್ಚುತ್ತಿ—